ಏಳನೇ ಸಾಕ್ಷಿಯ ಹೇಳಿಕೆ

ಕುವೆಂಪುನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಲಕ್ಷ್ಮೀನರಸಿಂಹ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದರು. ಮಕ್ಕಳ ಪ್ರಬಂಧದಲ್ಲಿ ಒಂದೇ ಒಂದು ಒಳ್ಳೆಯ ವಾಕ್ಯ ಸಿಕ್ಕಿದರೂ ಸಾಕು, ಅದನ್ನು ಇಡೀ ತರಗತಿಗೆ ಎರಡು ಸಲ ಓದಿ ಹೇಳುತ್ತಿದ್ದರು. ವಾಕ್ಯದ ರುಚಿ ಹತ್ತಿದ್ದ ಮನುಷ್ಯ. ತಾವೇ ಬರೆದದ್ದು ಅಂತ ಹೇಳಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಸ್ಕೂಲ್ ಡೇ ವರದಿ, ನಿವೃತ್ತರಾದವರಿಗೆ ಮಾನಪತ್ರ, ಅಷ್ಟೇ. ತಮ್ಮೊಳಗೆ ಒಬ್ಬ ಬರಹಗಾರನಿದ್ದಾನೆ, ಅವನಿಗೆ ತಕ್ಕ ವಿಷಯ ಸಿಗಲೇ ಇಲ್ಲ ಅನ್ನುವ ಕೊರಗು ಅವರಿಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅವರ ಹಳೆಯ ವಿದ್ಯಾರ್ಥಿನಿ ಮಂಜುಶ್ರೀ ಅದೇ ಬಡಾವಣೆಯ ಕ್ಲಿನಿಕ್ ಒಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆಲ್ಲ ಮನೆಮನೆಗೆ ಹೋಗಿ ಶುಗರ್ ಟೆಸ್ಟಿಗೆ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಮೇಷ್ಟ್ರ ಮನೆಗೂ ಬರುತ್ತಿದ್ದಳು. ಹಾಗೆ ಬಂದಾಗ ಒಂದು ದಿನ, ನಮ್ಮ ಬಳಗಕ್ಕೆ ಕನ್ನಡ ಚೆನ್ನಾಗಿ ಬರೆಯೋರು ಬೇಕಾಗಿದೆ, ನೀವು ಬರುತ್ತೀರಾ ಅಂತ ಕೇಳಿದಳು.

ಬಳಗ ಅಂದರೆ ನಾಗರಿಕ ಹಕ್ಕು ಬಳಗ. ಗಿರಿಜಾಂಬಾ ಅನ್ನುವ ಹಿರಿಯ ವಕೀಲರು ಕಟ್ಟಿದ್ದು. ಎಪ್ಪತ್ತು ದಾಟಿದ್ದ ಅವರ ಜಯಲಕ್ಷ್ಮಿಪುರಂ ಮನೆಯ ಮುಂದಿನ ಕೋಣೆಯಲ್ಲಿ ಶನಿವಾರ ಸಂಜೆ ಎಂಟ್ಹತ್ತು ಜನ ಸೇರುತ್ತಿದ್ದರು. ಚರಂಡಿಗೆ ಇಳಿಸಿದ ಕಾರ್ಮಿಕನಿಗೆ ಬೂಟು ಕೊಟ್ಟಿಲ್ಲ, ನೋಟಿಸು ಕೊಡದೆ ಗುಡಿಸಲು ಕಿತ್ತರು, ಠಾಣೆಯಲ್ಲಿ ದೂರು ಬರೆದುಕೊಳ್ಳಲಿಲ್ಲ, ಇಂಥವೇ ವಿಷಯ. ಹೋಗಿ ವಿಚಾರಿಸುವುದು, ಕೇಳಿದ್ದನ್ನು ಬರೆಯುವುದು, ಅಂತರ್ಜಾಲದಲ್ಲಿ ಬಳಗದ ಪೇಜಿಗೆ ಹಾಕುವುದು. ಪೇಜನ್ನು ನೋಡಿಕೊಳ್ಳುತ್ತಿದ್ದವಳು ಮಂಜುಶ್ರೀ. ಅದು ಅವಳ ಹೆಸರು, ಅವಳ ಫೋನ್ ನಂಬರಿನಲ್ಲೇ ಇತ್ತು. ಬರೆದವರ ಹೆಸರು ಹಾಕುವ ರೂಢಿ ಇರಲಿಲ್ಲ. ನಾಲ್ಕು ಸಾವಿರ ಜನ ಓದುತ್ತಿದ್ದರು. ಮೇಷ್ಟ್ರು ಎರಡು ವರ್ಷ ಸಂತೋಷವಾಗಿ ಬರೆದರು. ಹಿಂದೆ ಯಾವತ್ತೂ ಅಷ್ಟು ಜನ ಅವರದ್ದನ್ನು ಓದಿರಲಿಲ್ಲ.

ಎರಡನೇ ವರ್ಷದ ನವೆಂಬರಿನಲ್ಲಿ ಹಿನಕಲ್‌ನಿಂದ ತಿಮ್ಮಮ್ಮ ಅನ್ನುವ ಹೆಂಗಸು ಗಿರಿಜಾಂಬಾ ಅವರ ಮನೆ ಹುಡುಕಿಕೊಂಡು ಬಂದಳು. ಅವಳ ಗಂಡ ಮರಿಯಯ್ಯ ಗಾರೆ ಕೆಲಸದವನು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ತಾಮ್ರದ ತಂತಿ ಕಳುವಾಗಿತ್ತು ಅಂತ ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋಗಿ, ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸಿದ್ದರು. ಅವನಿಗೆ ಏಳಲು ಆಗುತ್ತಿರಲಿಲ್ಲ. ಮಂಜುಶ್ರೀ ಮೇಷ್ಟ್ರನ್ನು ಕರೆದುಕೊಂಡು ಹಿನಕಲ್‌ಗೆ ಹೋದಳು. ಹಳೆಯ ಊರಿನ ಒಳಗೇರಿಯ ಒಂಟಿ ಕೋಣೆಯ ಮನೆ. ಮರಿಯಯ್ಯ ಗೋಡೆಗೆ ಒರಗಿಸಿದ ದಿಂಬಿಗೆ ಬೆನ್ನು ಕೊಟ್ಟು, ನಡುನಡುವೆ ನೀರು ಕುಡಿಯುತ್ತ, ಹನ್ನೊಂದು ನಿಮಿಷ ಮಾತಾಡಿದ. ಮಂಜುಶ್ರೀ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಅದಾದ ಆರನೇ ದಿನ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಲಿವರ್ ಕಾಯಿಲೆ ಅಂತ ಬರೆದುಕೊಟ್ಟರು.

ವರದಿ ಬರೆಯಲು ಮೇಷ್ಟ್ರು ಎರಡು ದಿನ ರಜೆ ಹಾಕಿದರು. ತಾರೀಖು, ಗಂಟೆ, ಗಾಯದ ವಿವರ, ಅಕ್ಕಪಕ್ಕದವರ ಮಾತು ಎಲ್ಲವನ್ನೂ ಒಪ್ಪವಾಗಿ ಜೋಡಿಸಿದರು. ಕೊನೆಯಲ್ಲಿ ಒಂದು ವಾಕ್ಯ ಬರೆದರು: ‘ಈ ಸಾವಿಗೆ ಸರ್ಕಾರ ಉತ್ತರ ಕೊಡದೆ ಹೋದರೆ, ಉತ್ತರವನ್ನು ಜನ ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆ.’

ಶನಿವಾರ ಅದನ್ನು ಓದಿದ ಮಂಜುಶ್ರೀ, ಈ ಸಾಲು ಬಿಟ್ಟುಬಿಡೋಣವಾ ಅಂದಳು. ಉಳಿದದ್ದೆಲ್ಲ ನಡೆದ ಸಂಗತಿ, ಯಾರು ಬೇಕಾದರೂ ಪರೀಕ್ಷಿಸಬಹುದು. ಇದೊಂದು ಮಾತ್ರ ಹಾಗಲ್ಲ, ಅಂತ ಅವಳ ತಕರಾರು. ಮೇಷ್ಟ್ರಿಗೆ ಬೇಸರವಾಯಿತು.

“ಮಿಕ್ಕಿದ್ದೆಲ್ಲ ಬರೀ ವರದಿ ಕಣಮ್ಮ. ಓದಿದವರ ಮನಸ್ಸಲ್ಲಿ ನಿಲ್ಲೋದು ಇದೊಂದೇ,” ಅಂದರು.

ಅವಳು ಮತ್ತೆ ವಾದಿಸಲಿಲ್ಲ. ಕಲಿಸಿದ ಮೇಷ್ಟ್ರು. ಆ ವಾಕ್ಯಕ್ಕೆ ಅವರ ಮನಸ್ಸಿನಲ್ಲಿ ಇದ್ದ ಅರ್ಥವೇನು ಅಂತ ಅವತ್ತು ಯಾರಾದರೂ ಕೇಳಿದ್ದರೆ ಹೇಳಲು ತಡವರಿಸುತ್ತಿದ್ದರು. ಅರ್ಥಕ್ಕಿಂತ ಹೆಚ್ಚಾಗಿ ಅದರ ಓಟ ಅವರಿಗೆ ಹಿಡಿಸಿತ್ತು.

ವರದಿಯೂ ವಿಡಿಯೋವೂ ಪೇಜಿಗೆ ಹೋದವು. ಒಂದೇ ವಾರದಲ್ಲಿ ನೋಡಿದವರ ಸಂಖ್ಯೆ ಲಕ್ಷ ದಾಟಿತು. ಮೇಷ್ಟ್ರು ಹೇಳಿದ್ದೇ ಸರಿಯಾಯಿತು, ಜನ ಆ ಕೊನೆಯ ಸಾಲನ್ನೇ ಎತ್ತಿ ಎತ್ತಿ ಹಾಕಿಕೊಂಡರು. ಸ್ಟಾಫ್ ರೂಮಿನಲ್ಲಿ ಯಾರೋ ಅದನ್ನು ಜೋರಾಗಿ ಓದಿದಾಗ ಅವರು ಉತ್ತರಪತ್ರಿಕೆ ತಿದ್ದುತ್ತ ತಲೆ ಬಗ್ಗಿಸಿಕೊಂಡೇ ಇದ್ದರು. ಒಳಗೊಳಗೆ ಹಿಗ್ಗು.

ಜನವರಿಯಲ್ಲಿ ಒಂದು ಬೆಳಿಗ್ಗೆ ಪೇಜು ತೆರೆಯಲಿಲ್ಲ. ಕಾನೂನಿನ ಕೋರಿಕೆಯ ಮೇರೆಗೆ ಇದನ್ನು ಭಾರತದಲ್ಲಿ ತೋರಿಸಲಾಗುತ್ತಿಲ್ಲ ಅನ್ನುವ ಎರಡು ಸಾಲು ಮಾತ್ರ ಕಾಣಿಸಿತು. ಆರು ವರ್ಷದ ಬರಹ, ಫೋಟೋ, ವಿಡಿಯೋ ಎಲ್ಲ ಅದರ ಹಿಂದೆ ಹೋಯಿತು. ಕಾರಣ ಗೊತ್ತಾಗಲು ಹತ್ತು ದಿನ ಹಿಡಿಯಿತು. ಪಕ್ಕದ ರಾಜ್ಯದ ಕಾಡಿನಲ್ಲಿ ನಿಷೇಧಿತ ಸಂಘಟನೆಯೊಂದರ ಜನ ಬಿಟ್ಟುಹೋಗಿದ್ದ ಕರಪತ್ರದ ಕಟ್ಟು ಸಿಕ್ಕಿತ್ತು. ಅದರ ಮುಖಪುಟದಲ್ಲಿ ಮೇಷ್ಟ್ರ ವಾಕ್ಯ ಇತ್ತು. ಪೇಜಿನಿಂದ ನಕಲು ಮಾಡಿಕೊಂಡಿದ್ದರು. ‘ಕೈಯಾರೆ’ ಅಂದರೆ ಆಯುಧ ಹಿಡಿದು ಅಂತಲೇ ಅರ್ಥ, ಬಳಗ ಅಂತರ್ಜಾಲದ ಮೂಲಕ ಉಗ್ರವಾದಕ್ಕೆ ಬೆಂಬಲ ಕೊಟ್ಟಿದೆ ಅಂತ ಪೊಲೀಸರು ಯುಎಪಿಎ ಕಾಯ್ದೆಯ ಅಡಿ ಕೇಸು ಹಾಕಿದ್ದರು.

ಗಿರಿಜಾಂಬಾ ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದರು. ಮಾಮೂಲಿ ಕೇಸಿನಲ್ಲಿ ಜಾಮೀನು ಕೇಳಬಹುದು, ಸಿಗುತ್ತದೆ. ಇದರಲ್ಲಿ ಮೇಲ್ನೋಟಕ್ಕೆ ಆರೋಪ ನಿಜ ಅನ್ನಿಸಿದರೆ ಸಾಕು, ಜಾಮೀನಿನ ಬಾಗಿಲು ಮುಚ್ಚಿತು. ನಮ್ಮ ಬರಹ ಸುಳ್ಳು ಅಂತ ಅವರು ಎಲ್ಲೂ ಹೇಳಿಲ್ಲ, ಹೇಳಬೇಕಾದ ಅಗತ್ಯವೂ ಈ ಕಾಯ್ದೆಯಲ್ಲಿ ಅವರಿಗಿಲ್ಲ ಅಂದರು. ಬಂದಿದ್ದವರಲ್ಲಿ ಇಬ್ಬರು ಕಾಫಿ ಲೋಟ ಅಲ್ಲೇ ಇಟ್ಟು ಹೊರಟರು. ಮುಂದಿನ ಶನಿವಾರ ನಾಲ್ಕೇ ಜನ ಬಂದರು.

ಅವತ್ತು ಮನೆಗೆ ಹೋದ ಮೇಷ್ಟ್ರು ಕಂಪ್ಯೂಟರ್ ಮುಂದೆ ಕೂತು ಬಳಗಕ್ಕೆ ಸೇರಿದ್ದನ್ನೆಲ್ಲ ಅಳಿಸಿದರು. ಕರಡುಗಳು, ಟಿಪ್ಪಣಿಗಳು, ವರದಿ ಬರೆಯುವಾಗ ಕೇಳಿಸಿಕೊಳ್ಳಲು ಮಂಜುಶ್ರೀ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಮರಿಯಯ್ಯನ ವಿಡಿಯೋ, ಎಲ್ಲವನ್ನೂ. ಮಗ ಅಭಿರಾಮ ಸರ್ಕಾರಿ ಇಲಾಖೆಯೊಂದರ ಗುಮಾಸ್ತನ ಹುದ್ದೆಗೆ ಆಯ್ಕೆಯಾಗಿದ್ದ. ಪೊಲೀಸ್ ವೆರಿಫಿಕೇಶನ್ ಬಾಕಿ ಇತ್ತು. ಅಳಿಸುವಾಗ ಅವರು ತಮಗೆ ತಾವೇ ಹೇಳಿಕೊಂಡ ಕಾರಣ ಅದು.

ಫೆಬ್ರವರಿಯಲ್ಲಿ ಪೊಲೀಸರು ಮಂಜುಶ್ರೀಯನ್ನು ಕರೆಸಿದರು. ಫೋನು, ಲ್ಯಾಪ್‌ಟಾಪು ತೆಗೆದುಕೊಂಡರು. ಎರಡನೇ ದಿನ ಗಿರಿಜಾಂಬಾ ಅವರ ಮನೆಯನ್ನೂ ಶೋಧಿಸಿ, ಕಂಪ್ಯೂಟರು, ಫೈಲುಗಳನ್ನು ಹೊತ್ತುಕೊಂಡು ಹೋದರು. ಮೂರನೇ ದಿನ ಮಂಜುಶ್ರೀಯನ್ನು ಬಂಧಿಸಿದರು. ಆ ವಾಕ್ಯ ಬರೆದವರು ಯಾರು ಅಂತ ಅವಳನ್ನು ಮತ್ತೆ ಮತ್ತೆ ಕೇಳಿದ್ದರು. ತಾನೇ ಅಂದಿದ್ದಳು.

ಅವಳು ಒಳಗೆ ಹೋದ ಮೇಲೆ ಗಿರಿಜಾಂಬಾ ಮೇಷ್ಟ್ರಿಗೆ ಫೋನು ಮಾಡಲಿಲ್ಲ. ಆಟೋ ಮಾಡಿಕೊಂಡು ಶಾಲೆಗೇ ಬಂದರು. ಆಟದ ಮೈದಾನದ ಮೂಲೆಯ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು.

“ನೀವು ಹೋಗಿ ಒಪ್ಪಿಕೊಂಡರೆ ಅವಳಿಗೆ ಅನುಕೂಲ ಆಗಬಹುದು. ಇಬ್ಬರನ್ನೂ ಒಳಗೆ ಹಾಕಲೂಬಹುದು. ವಕೀಲಳಾಗಿ ನಾನು ನಿಮಗೆ ಹೋಗಿ ಅನ್ನೋ ಹಾಗಿಲ್ಲ, ಬೇಡಿ ಅಂತಲೂ ಹೇಳೋ ಹಾಗಿಲ್ಲ,” ಅಂದರು ಗಿರಿಜಾಂಬಾ.

ಯೋಚನೆ ಮಾಡುತ್ತೇನೆ ಮೇಡಂ ಅಂದರು ಮೇಷ್ಟ್ರು. ಯೋಚನೆ ಮಾಡುತ್ತಿರುವಾಗಲೇ ಅವರಿಗೂ ಪೊಲೀಸರ ಕರೆ ಬಂತು. ಬಳಗದ ಪರಿಚಯವಿದ್ದವರನ್ನೆಲ್ಲ ಕರೆಯುತ್ತಿದ್ದರು.

ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದೆಯಿಂದ ಮಾತಾಡಿದರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ತಾವೂ ಕನ್ನಡ ಮಾಧ್ಯಮದಲ್ಲೇ ಓದಿದ್ದು ಅಂದರು. ಬಳಗಕ್ಕೆ ನೀವು ಯಾತಕ್ಕೆ ಹೋಗುತ್ತಿದ್ದಿರಿ ಅಂತ ಕೇಳಿದರು. ಹೆದರಿಸಿದ್ದರೆ ಏನಾಗುತ್ತಿತ್ತೋ, ಆ ಮರ್ಯಾದೆಯ ಮುಂದೆ ಮೇಷ್ಟ್ರಿಗೆ ತಪ್ಪಿಸಿಕೊಳ್ಳುವ ದಾರಿ ಬಲು ಸಲೀಸಾಗಿ ಕಂಡಿತು.

“ಕಾಗುಣಿತ ತಿದ್ದೋದಷ್ಟೇ ನನ್ನ ಕೆಲಸ ಸರ್,” ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಬರೆಯೋದೆಲ್ಲ ಆ ಹುಡುಗಿಯೇ.”

ಪೇದೆಯೊಬ್ಬ ಅದನ್ನು ಟೈಪ್ ಮಾಡಿದ. ತೋರಿಸಿದಾಗ ‘ಕಾಗುಣಿತ’ ಅನ್ನುವ ಪದವೇ ತಪ್ಪಾಗಿತ್ತು. ಅಭ್ಯಾಸಬಲದಿಂದ ಮೇಷ್ಟ್ರು ಅದರ ಮೇಲೆ ಬೆರಳಿಟ್ಟು ಸರಿಪಡಿಸಲು ಹೇಳಿದರು. ಅಧಿಕಾರಿ ನಕ್ಕು, ನೋಡಿ, ನಮಗೂ ನಿಮ್ಮಂಥವರು ಬೇಕು ಅಂದರು. ಮೇಷ್ಟ್ರೂ ನಕ್ಕರು. ಹೊರಗೆ ಬಂದ ಮೇಲೆ, ಆ ನಗು ಯಾತಕ್ಕೆ ಬಂತು ಅಂತ ತಮ್ಮನ್ನೇ ಕೇಳಿಕೊಂಡರು. ವಾಪಸು ಹೋಗಿ ಹೇಳಿಬಿಡಬೇಕು ಅಂತ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಸ್ಸು ಹತ್ತಿದರು.

ಸೆಷನ್ಸ್ ಕೋರ್ಟಿನಲ್ಲಿ ಮಂಜುಶ್ರೀಗೆ ಜಾಮೀನು ಸಿಗಲಿಲ್ಲ. ಗಿರಿಜಾಂಬಾ ತಾವೇ ಸಾಕ್ಷಿಯಾಗಬೇಕಾಗಬಹುದು ಅಂತ ಕೇಸನ್ನು ತಮ್ಮ ಹಳೆಯ ಜೂನಿಯರ್ ಒಬ್ಬರಿಗೆ ಒಪ್ಪಿಸಿದ್ದರು. ಬಳಗ ನಿಂತುಹೋಯಿತು. ಊರಿನ ಬೇರೆ ಸಂಘಗಳವರೂ ತಮ್ಮ ತಮ್ಮ ಪೇಜುಗಳಲ್ಲಿ ಹಿಂದೆ ಹಾಕಿದ್ದನ್ನು ಒಂದೊಂದಾಗಿ ತೆಗೆದರು. ತೆಗೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗುಡಿಸಲು ಕಿತ್ತಾಗ ಫೋಟೋ ತೆಗೆದು ಕಳಿಸುತ್ತಿದ್ದ ಜನ ಈಗ ಕಳಿಸಲು ವಿಳಾಸವಿಲ್ಲದೆ ಸುಮ್ಮನಾದರು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ, ಊಟದ ಬೆಲ್ಲು ಹೊಡೆದಾಗ, ಶಾಲೆಯ ಗೇಟಿನ ಹತ್ತಿರ ತಿಮ್ಮಮ್ಮ ನಿಂತಿದ್ದಳು. ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ. ಮೇಷ್ಟ್ರು ಅವಳನ್ನು ಸೈಕಲ್ ಸ್ಟ್ಯಾಂಡಿನ ನೆರಳಿಗೆ ಕರೆದುಕೊಂಡು ಹೋದರು. ಅವಳಿಗೆ ಕೇಸಿನ ವಿಚಾರ ಪೂರ್ತಿ ತಿಳಿದಿರಲಿಲ್ಲ. ಮಂಜಮ್ಮನ್ನ ನನ್ನಿಂದಾಗಿ ಹಿಡಿದುಕೊಂಡು ಹೋದರು ಅಂತ ಅತ್ತಳು. ಅವಳು ಬಂದದ್ದು ಬೇರೆ ಕೆಲಸಕ್ಕೆ. ಅಳಿಯನ ಫೋನಿನಲ್ಲಿ ಅವಳು ದಿನಾ ಗಂಡನ ವಿಡಿಯೋ ಹಾಕಿಸಿಕೊಂಡು ನೋಡುತ್ತಿದ್ದಳಂತೆ. ಈಗ ಬರುತ್ತಿಲ್ಲ. ಗಂಡನದು ಒಂದು ಫೋಟೋ ಇದೆ, ದನಿ ಎಲ್ಲೂ ಇಲ್ಲ.

“ನಿಮ್ತಾವ ಒಂದ್ ಇದ್ದದು ಅಂತ ಮಂಜಮ್ಮ ಯೋಳಿದ್ಲು ಮೇಷ್ಟ್ರೇ. ಒಂದ್ ಕಿತ ತೋರ್ಸಿ. ದನಿ ಎಂಗಿತ್ತು ಅಂತ ಮರ್ತೋಯ್ತಾ ಅದೆ ನಂಗೆ.”

ಅದೆಲ್ಲ ಈಗ ಪೊಲೀಸರ ವಶದಲ್ಲಿದೆ ತಾಯಿ ಅಂದರು ಮೇಷ್ಟ್ರು. ಅದು ಸುಳ್ಳಲ್ಲ. ತಮ್ಮ ಹತ್ತಿರ ಇದ್ದದ್ದನ್ನು ತಾವೇ ಅಳಿಸಿದ್ದನ್ನು ಹೇಳಲಿಲ್ಲ.

ಹೋಗಲಿ, ನಮ್ಮವರು ಏನೇನು ಅಂದಿದ್ದರು ಅಂತಲಾದರೂ ಹೇಳಿ, ನೀವು ಕೂತು ಎಲ್ಲ ಬರೆದುಕೊಂಡಿದ್ದಿರಲ್ಲ ಅಂದಳು. ಮೇಷ್ಟ್ರು ಹೇಳಲು ಶುರು ಮಾಡಿದರು. ಯಾವ ಹೊತ್ತಿಗೆ ಕರೆದುಕೊಂಡು ಹೋದರು, ಎಷ್ಟು ಜನ ಇದ್ದರು, ಎಲ್ಲಿ ಹೊಡೆದರು. ಹೇಳುತ್ತ ಹೋದಂತೆ, ತಾವು ಹೇಳುತ್ತಿರುವುದು ತಮ್ಮ ವರದಿಯ ಮಾತು, ಮರಿಯಯ್ಯನ ಮಾತು ಅಲ್ಲ ಅಂತ ಅವರಿಗೇ ತಿಳಿಯಿತು. ಆ ಹನ್ನೊಂದು ನಿಮಿಷದಲ್ಲಿ ಅವನು ಹೆಂಡತಿಯ ಬಗ್ಗೆ ಏನೋ ಹೇಳಿದ್ದ, ಮುಗಿಯದೆ ಉಳಿದ ಯಾರದೋ ಮನೆಯ ಮೆಟ್ಟಿಲ ಬಗ್ಗೆ ಏನೋ ಹೇಳಿದ್ದ. ವರದಿಗೆ ಬೇಡದ್ದು ಅಂತ ಅವನ್ನು ಬಿಟ್ಟಿದ್ದರು. ಈಗ ಎಷ್ಟು ತಡಕಿದರೂ ಆ ಮಾತುಗಳು ಸಿಗಲಿಲ್ಲ. ತಮ್ಮ ಕೊನೆಯ ವಾಕ್ಯ ಮಾತ್ರ ಅಕ್ಷರ ತಪ್ಪದೆ ನೆನಪಿತ್ತು.

ತಿಮ್ಮಮ್ಮ ಕೈಮುಗಿದು ಹೋದಳು. ಅವತ್ತು ಮಧ್ಯಾಹ್ನದ ಎರಡು ಪೀರಿಯಡ್ಡನ್ನೂ ಮೇಷ್ಟ್ರು ಮಕ್ಕಳಿಗೆ ನಕಲು ಬರೆಯಲು ಕೊಟ್ಟು ಕಳೆದರು.

ಆಗಸ್ಟಿನಲ್ಲಿ ದೋಷಾರೋಪ ಪಟ್ಟಿ ಬಂತು. ಸರ್ಕಾರದ ಕಡೆಯ ಏಳನೇ ಸಾಕ್ಷಿ ಲಕ್ಷ್ಮೀನರಸಿಂಹ. ಸೆಪ್ಟೆಂಬರಿನಲ್ಲಿ ಅಭಿರಾಮನಿಗೆ ನೇಮಕದ ಆದೇಶ ಬಂತು. ಅವನು ಚಾಮರಾಜನಗರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಇನ್ನು ಮುಚ್ಚಿಡಲು ಕಾರಣ ಉಳಿದಿರಲಿಲ್ಲ. ಆದರೂ ಅವರು ಏಳು ತಿಂಗಳು ಸುಮ್ಮನಿದ್ದರು. ನಿವೃತ್ತಿ ಆಗಿಬಿಡಲಿ ಅಂದುಕೊಂಡರು. ಹೈಕೋರ್ಟಿನಲ್ಲಿ ಜಾಮೀನು ಸಿಗುತ್ತದೆ, ಆಮೇಲೆ ತಮ್ಮ ಮಾತಿನ ಅಗತ್ಯವೇ ಇರುವುದಿಲ್ಲ ಅಂದುಕೊಂಡರು. ಜೈಲಿಗೆ ಅಂತ ಗಿರಿಜಾಂಬಾ ಅವರ ಕೈಯಲ್ಲಿ ಪುಸ್ತಕ ಕಳಿಸಿದರು. ಮಂಜುಶ್ರೀ ಓದಿ, ಒಪ್ಪವಾಗಿ ವಾಪಸು ಕಳಿಸಿದಳು. ಒಳಗೆ ಯಾವ ಚೀಟಿಯೂ ಇರಲಿಲ್ಲ.

ಮಾರ್ಚಿನಲ್ಲಿ ಮೇಷ್ಟ್ರು ನಿವೃತ್ತರಾದರು. ಏಪ್ರಿಲಿನಲ್ಲಿ, ಹದಿನಾಲ್ಕು ತಿಂಗಳ ಮೇಲೆ, ಹೈಕೋರ್ಟು ಮಂಜುಶ್ರೀಗೆ ಜಾಮೀನು ಕೊಟ್ಟಿತು. ಷರತ್ತುಗಳಿದ್ದವು. ಊರು ಬಿಡುವಂತಿಲ್ಲ. ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ಕೇಸು ಮುಗಿಯುವವರೆಗೆ ಅಂತರ್ಜಾಲದಲ್ಲಿ ಒಂದಕ್ಷರವನ್ನೂ ಬರೆಯಬಾರದು, ಹಂಚಿಕೊಳ್ಳಬಾರದು.

ಅವಳು ಹೊರಗೆ ಬಂದ ನಾಲ್ಕನೇ ದಿನ ಮೇಷ್ಟ್ರು ಅವಳ ಮನೆಗೆ ಹೋದರು. ಅವಳ ತಾಯಿ ಬಾಗಿಲು ತೆಗೆದು, ಬನ್ನಿ ಅಂತ ಮಾತ್ರ ಅಂದು ಒಳಗೆ ಹೋದರು. ಮಂಜುಶ್ರೀ ಸೊರಗಿದ್ದಳು, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು. ಕ್ಲಿನಿಕ್ಕಿನವರು ಕೆಲಸಕ್ಕೆ ವಾಪಸು ತೆಗೆದುಕೊಳ್ಳುವುದಿಲ್ಲ ಅಂದಿದ್ದರು. ಅವಳು ಮೇಷ್ಟ್ರ ಶುಗರ್ ಹೇಗಿದೆ ಅಂತ ವಿಚಾರಿಸಿದಳು. ಅಭಿರಾಮನ ಕೆಲಸದ ಬಗ್ಗೆ ಕೇಳಿದಳು. ಅವರಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

“ನನ್ನ ಹೇಳಿಕೆ ಓದಿದೆಯೇನಮ್ಮ?” ಅಂತ ಕೇಳಿದರು.

“ಓದ್ದೆ ಮೇಷ್ಟ್ರೇ. ನೂರ ಹನ್ನೆರಡನೇ ಪುಟ. ನಾನೇ ಬರೆದದ್ದು ಅಂತ ಹೇಳ್ದಾಗ ನಿಮ್ಮನ್ನ ಉಳಿಸ್ಬೇಕು ಅಂತೇನೂ ಇರ್ಲಿಲ್ಲ. ಪೇಜಿಗೆ ಹಾಕಿದ್ದು ನಾನು, ಇಬ್ಬರು ಯಾಕೆ ಒಳಗೆ ಅಂತ ಅಷ್ಟೇ. ನೀವು ಬಂದು ಒಪ್ಪಿಕೊಳ್ಳದೇ ಇದ್ರೂ ನಡೀತಿತ್ತು. ನೀವು ಸುಮ್ಮನೆ ಇದ್ದಿದ್ರೆ ಸಾಕಾಗಿತ್ತು.”

ಮೇಷ್ಟ್ರು ಈಗಲಾದರೂ ಕೋರ್ಟಿಗೆ ನಿಜ ಹೇಳುತ್ತೇನೆ ಅಂದರು. ಅದು ನಿಮಗೆ ಬಿಟ್ಟದ್ದು ಅಂದಳು. ಕೋಪದಿಂದ ಹೇಳಿದ ಹಾಗಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಅವರು ಕ್ಷಮೆ ಕೇಳಬಹುದಿತ್ತು. ಅವಳ ತಾಯಿ ತಂದಿಟ್ಟ ಕಾಫಿ ಆರಿಹೋಗುವವರೆಗೆ ಕೂತಿದ್ದು ಎದ್ದು ಬಂದರು.

ಅವತ್ತು ಮನೆಗೆ ಬಂದು ಹೆಂಡತಿಗೆ, ಫೋನಿನಲ್ಲಿ ಮಗನಿಗೆ ಎಲ್ಲವನ್ನೂ ಹೇಳಿದರು. ಹೆಂಡತಿ ಅತ್ತರು. ಅಭಿರಾಮ, ನನ್ನ ಹೆಸರು ಹೇಳಿಕೊಂಡು ಇದನ್ನು ಮಾಡಿದಿರಾ ಅಪ್ಪ ಅಂತ ಕೇಳಿದ.

ಮೇ ತಿಂಗಳಲ್ಲಿ ಮೇಷ್ಟ್ರು ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿದರು. ವರದಿ ಬರೆದದ್ದು ನಾನು, ಆ ವಾಕ್ಯ ನನ್ನದು, ಬೇಡ ಅಂದವಳು ಮಂಜುಶ್ರೀ, ಹಟ ಹಿಡಿದು ಉಳಿಸಿದವನು ನಾನು, ಮೊದಲ ಹೇಳಿಕೆ ಭಯದಿಂದ ಕೊಟ್ಟ ಸುಳ್ಳು ಅಂತ ಎರಡು ಪುಟ. ಇಂದೋ ನಾಳೆಯೋ ಬಂಧಿಸುತ್ತಾರೆ ಅಂತ ಬಟ್ಟೆ, ಮಾತ್ರೆ ಒಂದು ಚೀಲದಲ್ಲಿ ಇಟ್ಟುಕೊಂಡು ಕಾದರು. ಒಂದು ದಿನ ಕರೆಸಿದರು. ಅದೇ ಅಧಿಕಾರಿ, ಅದೇ ಮರ್ಯಾದೆ.

“ಅವಳು ನಿಮ್ಮ ಶಿಷ್ಯೆ. ಅವಳನ್ನ ಉಳಿಸಬೇಕು ಅಂತ ಇದೆ, ಅರ್ಥ ಆಗುತ್ತೆ ಸರ್. ಆದ್ರೆ ನಿಮ್ಮದೇ ಎರಡು ಮಾತಿದೆಯಲ್ಲ, ಯಾವುದನ್ನ ನಂಬೋಣ?” ಅಂದರು ಅವರು.

ಬರೆದ ಕರಡು ಇದೆಯೇ ಅಂತ ಕೇಳಿದರು. ಇರಲಿಲ್ಲ. ಟಿಪ್ಪಣಿ? ಅದೂ ಇರಲಿಲ್ಲ. ಮಂಜುಶ್ರೀಗೆ ಕಳಿಸಿದ ಮೆಸೇಜು? ಯಾವಾಗಲೂ ಪೆನ್‌ಡ್ರೈವಿನಲ್ಲಿ ಕೊಡುತ್ತಿದ್ದೆ ಅಂದರು. ಅಧಿಕಾರಿ ಅದನ್ನೆಲ್ಲ ಬರೆದುಕೊಂಡು, ಕಾರಿನವರೆಗೆ ಬರಲೇ ಅಂತ ಕೇಳಿ, ಮೇಷ್ಟ್ರಿಗೆ ಕಾರಿಲ್ಲ ಅಂತ ತಿಳಿದು ಬಾಗಿಲಲ್ಲೇ ಬೀಳ್ಕೊಟ್ಟರು. ಆರೋಪಿಯ ಮೇಲಿನ ಅಭಿಮಾನದಿಂದ ಸಾಕ್ಷಿ ಮಾತು ಬದಲಿಸಿದ್ದಾನೆ ಅಂತ ಸರ್ಕಾರಿ ವಕೀಲರು ಕೋರ್ಟಿನಲ್ಲಿ ವಾದಿಸಿದರು. ಪ್ರಮಾಣಪತ್ರ ಫೈಲಿನಲ್ಲಿ ಉಳಿಯಿತು. ನಿಮ್ಮನ್ನು ಸಾಕ್ಷಿಕಟ್ಟೆಗೆ ಕರೆದ ದಿನ ಮತ್ತೆ ಹೇಳಿ, ಆಗ ಜಡ್ಜು ತೂಗಿ ನೋಡುತ್ತಾರೆ ಅಂದರು ಗಿರಿಜಾಂಬಾ.

ಅದೇ ತಿಂಗಳು ಮೇಷ್ಟ್ರು ಹಿನಕಲ್‌ಗೆ ಹೋಗಿ ತಿಮ್ಮಮ್ಮನಿಗೂ ನಿಜ ಹೇಳಿದರು. ಅವಳು ಬೈಯಲಿಲ್ಲ, ಕೂತುಕೊಳ್ಳಿ ಅನ್ನಲೂ ಇಲ್ಲ. ಹಾಗಾದರೆ ಇನ್ನೆಲ್ಲೂ ಇಲ್ಲವಾ ಅಂತ ಕೇಳಿದಳು. ಮಂಜುಶ್ರೀಯ ಫೋನಿನಲ್ಲಿದೆ, ಅದು ಕೋರ್ಟಿನ ವಶದಲ್ಲಿದೆ ಅಂದರು. ಆಮೇಲೆ ಗಿರಿಜಾಂಬಾ ಅವರ ಜೂನಿಯರ್, ತಿಮ್ಮಮ್ಮನಿಗೆ ಒಂದು ಸಲ ತೋರಿಸಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆಯಲ್ಲಿ ಆ ವಿಡಿಯೋವನ್ನು ಸಾಕ್ಷ್ಯವಾಗಿ ಗುರುತಿಸುವ ದಿನ ತೆರೆದ ನ್ಯಾಯಾಲಯದಲ್ಲಿ ಹಾಕುತ್ತೇವೆ, ಅವತ್ತು ಆಕೆ ಬಂದು ನೋಡಬಹುದು ಅಂತ ಆದೇಶವಾಯಿತು. ಅದು ಯಾವ ದಿನ ಅಂತ ಇನ್ನೂ ಗೊತ್ತಾಗಿಲ್ಲ. ಹಾಗಾಗಿ ತಿಮ್ಮಮ್ಮ ಪ್ರತಿ ತಾರೀಖಿಗೂ ಬರುತ್ತಾಳೆ.

ಕಳೆದ ಸಲವೂ ಬಂದಿದ್ದಳು. ಕೋರ್ಟಿನ ಹೊರಗಿನ ಉದ್ದನೆಯ ಬೆಂಚಿನಲ್ಲಿ ಒಂದು ತುದಿಗೆ ಮೇಷ್ಟ್ರು, ಇನ್ನೊಂದು ತುದಿಗೆ ಮಂಜುಶ್ರೀ, ನಡುವೆ ಅವಳು. ಹೆಸರು ಕೂಗಿದರು, ಮಂಜುಶ್ರೀ ಒಳಗೆ ಹೋದಳು. ಸರ್ಕಾರಿ ವಕೀಲರು ಬೇರೆ ಕೇಸಿನಲ್ಲಿದ್ದರು. ಐದು ನಿಮಿಷಕ್ಕೆ ಹೊರಗೆ ಬಂದಳು.

“ಇವತ್ತೂ ಇಲ್ವಾ ಮಂಜಮ್ಮ?” ಅಂದಳು ತಿಮ್ಮಮ್ಮ.

ಇಲ್ಲ ಅಂದಳು ಮಂಜುಶ್ರೀ. ಮುಂದಿನ ತಾರೀಖು ದೀಪಾವಳಿ ಕಳೆದು ಹತ್ತು ದಿನಕ್ಕೆ. ತಿಮ್ಮಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಮೇಷ್ಟ್ರು ಎದ್ದು ನಿಂತು, ಬಸ್ ಸ್ಟಾಪಿನವರೆಗೆ ಜೊತೆಗೆ ಬರಲೇ ಅಂತ ಇಬ್ಬರನ್ನೂ ಕೇಳಿದರು. ಬೇಡ, ನಾವು ಹೋಗುತ್ತೇವೆ ಅಂದಳು ಮಂಜುಶ್ರೀ. ತಿಮ್ಮಮ್ಮನ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಅವರಿಬ್ಬರೂ ರಸ್ತೆ ದಾಟುವವರೆಗೆ ಮೇಷ್ಟ್ರು ಅಲ್ಲೇ ನಿಂತಿದ್ದರು.